ನಸುಕಿನಲ್ಲಿ ಊರು ಬಿಡುವ ಫೋಟೊ ಗೆಳೆಯರಿಗೆ

ಹುಬ್ಬಳ್ಳಿ-ಧಾರವಾಡದ ಹವ್ಯಾಸಿ ಛಾಯಾಗ್ರಾಹಕರೇ, ಪ್ರೀತಿಯ ತಮ್ಮ ತಂಗಿಯರೇ,

ನಿಮ್ಮ ಫೋಟೊಗಳನ್ನು ನಾನು ತಪ್ಪದೆ ನೋಡುತ್ತೇನೆ. ಹಂಪಿಯ ಮಾತಂಗ ಬೆಟ್ಟದ ಸೂರ್ಯೋದಯ, ಬಾದಾಮಿಯ ಅಗಸ್ತ್ಯ ತೀರ್ಥದ ನೀರಿನಲ್ಲಿ ಅಲುಗುವ ಭೂತನಾಥ ಗುಡಿ, ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲು, ಶ್ರಾವಣದ ಜೋಗ, ಯಾಣದ ಕರಿಬಂಡೆ ಎಲ್ಲವೂ ನಿಮ್ಮ ಕೈಯಲ್ಲಿ ಚೆನ್ನಾಗಿ ಬಂದಿವೆ. ಶನಿವಾರ ರಾತ್ರಿಯೇ ಬ್ಯಾಟರಿ ಚಾರ್ಜಿಗಿಟ್ಟು, ಭಾನುವಾರ ನಾಲ್ಕು ಗಂಟೆಗೆ ಬೈಕ್ ಹೊರಡಿಸುವ ನಿಮ್ಮ ಹುರುಪು ಕಂಡರೆ ನನಗೆ ನಿಜಕ್ಕೂ ಖುಷಿ. ಹೋಗಬೇಡಿ ಎನ್ನುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ.

ನನ್ನ ಅಳಲು ಬೇರೆ. ಇಷ್ಟೊಂದು ಕ್ಯಾಮೆರಾ ಇರುವ ಜೋಡಿ ನಗರದಲ್ಲಿ ಹಳೇ ಹುಬ್ಬಳ್ಳಿಯ ಒಂದು ಓಣಿಯ ಒಳ್ಳೆಯ ಫೋಟೊ ಬೇಕೆಂದರೆ ಸಿಗುವುದಿಲ್ಲ. ಹತ್ತು ವರ್ಷದ ಹಿಂದಿನದಂತೂ ಇಲ್ಲವೇ ಇಲ್ಲ.

ನಾನು ಸ್ಟುಡಿಯೊದವರ ಮಗಳು. ಹಳೇ ಹುಬ್ಬಳ್ಳಿಯ ಇಂಡಿ ಪಂಪಿನಿಂದ ಒಳಗೆ ಹೋಗುವ ಓಣಿಯೊಂದರಲ್ಲಿ ಅಪ್ಪನ ಅಂಗಡಿ ಇತ್ತು. ಮುಂದೆ ಕಟ್ಟಿಗೆ ಕೌಂಟರು, ಹಿಂದೆ ಕೆಂಪು ಬಲ್ಬಿನ ಡಾರ್ಕ್ ರೂಮು, ನಡುವಿನ ಕೋಣೆಯ ಗೋಡೆಗೆ ಒಂದು ಪರದೆ. ಪರದೆಯ ಮೇಲೆ ನೀಲಿ ಸರೋವರ, ಅದರಾಚೆ ಹಿಮದ ಬೆಟ್ಟ, ಬದಿಗೆ ಬಿಳಿಕಲ್ಲಿನ ಮೆಟ್ಟಿಲು. ವರನ ಕಡೆಗೆ ಕಳಿಸಲು ಫೋಟೊ ತೆಗೆಸಿಕೊಂಡ ಹುಡುಗಿ, ಜಾವಳ ಮುಗಿದ ಕೂಸು, ಮೆಟ್ರಿಕ್ ಪಾಸಾದ ಹುಡುಗ, ಮಗ್ಗ ನಿಲ್ಲಿಸಿ ಒಂದು ತಾಸಿನ ಮಟ್ಟಿಗೆ ಬಂದ ಗಂಡ ಹೆಂಡತಿ ಎಲ್ಲರೂ ಆ ಹಿಮದ ಬೆಟ್ಟದ ಮುಂದೆಯೇ ನಿಂತವರು. 120 ಫಿಲ್ಮಿನ ಒಂದು ರೋಲಿಗೆ ಹನ್ನೆರಡು ಫೋಟೊ. ದುಡ್ಡು ಕೊಟ್ಟು ಯಾರೂ ತಮ್ಮ ಓಣಿಯ ಫೋಟೊ ತೆಗೆಸುತ್ತಿರಲಿಲ್ಲ, ಹಾಗಾಗಿ ಅಪ್ಪನ ಕ್ಯಾಮೆರಾ ಹೊಸ್ತಿಲು ದಾಟಿದ್ದು ಮದುವೆ, ಜಾವಳ, ತಿಥಿಗಳಿಗಷ್ಟೆ.

ಆ ನೆಗೆಟಿವ್‌ಗಳ ಪೆಟ್ಟಿಗೆಗಳು ಈಗ ನನ್ನ ಹತ್ತಿರ ಇವೆ. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು, ಮೃದು ಬ್ರಶ್ಶಿನಿಂದ ಧೂಳು ಕೊಡವಿ, ಸ್ಕ್ಯಾನ್ ಮಾಡುತ್ತಿದ್ದೇನೆ. ಮುಖಗಳು ಎಷ್ಟು ಬೇಕಾದರೂ ಇವೆ. ಕೆನ್ನೆಯ ಮೇಲೆ ಅಪ್ಪ ಪೆನ್ಸಿಲಿನಿಂದ ರಿಟಚಿಂಗ್ ಮಾಡಿದ ನವಿರಾದ ಗೆರೆಗಳು ಹಾಗೇ ಉಳಿದಿವೆ. ಅದರಲ್ಲೊಂದು ನೆಗೆಟಿವ್ ನನ್ನನ್ನು ಬಹಳ ಹೊತ್ತು ಹಿಡಿದು ಕೂಡಿಸಿತು. ದೊಡ್ಡ ಕುಟುಂಬದ ಗುಂಪು ಫೋಟೊ ಅದು. ಎಲ್ಲರೂ ಫ್ರೇಮಿನಲ್ಲಿ ಹಿಡಿಸಲೆಂದು ಅಪ್ಪ ಹಿಂದೆ ಸರಿದಿದ್ದರಿಂದ ಪರದೆಯ ಎಡ ಅಂಚು ಮುಗಿದು, ಅದರಾಚೆಯ ತೆರೆದ ಬಾಗಿಲು ಕಾಣುತ್ತದೆ. ಬಾಗಿಲಿನಾಚೆ ಎದುರು ಮನೆಯ ಕಟ್ಟೆ, ಕೆತ್ತನೆಯ ಕಟ್ಟಿಗೆ ಕಂಬದ ಅರ್ಧ, ಗೋಡೆಗೆ ಒರಗಿಸಿದ ಸೈಕಲ್ಲು, ಕೊಡ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿರುವ ಹೆಣ್ಣುಮಗಳು. ಪ್ರಿಂಟಿನಲ್ಲಿ ಆ ಭಾಗ ಬರಬಾರದೆಂದು ನೆಗೆಟಿವಿನ ಅಂಚಿಗೆ ಕೆಂಪು ಶಾಯಿಯ ಗೆರೆ ಹಾಕಿದೆ. ಅದು ಆ ಕಾಲದ ಪದ್ಧತಿ, ಗಿರಾಕಿಗೆ ಬೇಕಾಗಿದ್ದು ಬೆಟ್ಟ. ಆ ಮನೆ ಈಗಿಲ್ಲ, ಆ ಜಾಗದಲ್ಲಿ ಶಟರ್ ಬಾಗಿಲುಗಳ ಮೂರು ಅಂತಸ್ತಿನ ಕಟ್ಟಡ ನಿಂತಿದೆ. ಆ ಮನೆಯದೆಂದು ಉಳಿದಿರುವ ಚಿತ್ರ ನನಗೆ ತಿಳಿದಂತೆ ಕೆಂಪು ಗೆರೆಯಾಚೆಯ ಆ ಎರಡು ಬೆರಳಗಲದ ತುಂಡೊಂದೇ.

ನಿಮ್ಮ ಫೋಟೊ ನೋಡುವಾಗ ಆ ಪರದೆ ನನಗೆ ನೆನಪಾಗುತ್ತದೆ. ಹಂಪಿಯ ಕಲ್ಲಿನ ರಥವನ್ನು, ಪಟ್ಟದಕಲ್ಲಿನ ಶಿಖರವನ್ನು ನಾವು ಇಂದು ಅದೇ ರೀತಿ ಬಳಸುತ್ತಿದ್ದೇವೆ. ಜನರ ಹಿಂದೆ ಇಳಿಬಿಡುವ ಅಂದದ ಬಟ್ಟೆ. ಒಂದೇ ಜಾಗ, ಒಂದೇ ಕೋನ, ಒಂದೇ ಕೇಸರಿ ಆಕಾಶ. ಸಾವಿರ ಜನ ತೆಗೆದ ಫೋಟೊವನ್ನೇ ಸಾವಿರದ ಒಂದನೆಯವರಾಗಿ ತೆಗೆದಾಗ ನಿಮ್ಮ ಕೈ ಪಳಗುತ್ತದೆ, ಒಪ್ಪುತ್ತೇನೆ. ಆದರೆ ಆ ಜಾಗದ ಬಗ್ಗೆ ಜಗತ್ತಿಗೆ ಹೊಸದೇನೂ ತಿಳಿಯುವುದಿಲ್ಲ. ಅದೇ ಮುಂಜಾನೆ ನಮ್ಮ ದಿಡ್ಡಿ ಓಣಿಯಲ್ಲಿ ನಿಂತು ತೆಗೆದ ಒಂದು ಫೋಟೊ ಬೇರೆ ಯಾರ ಬಳಿಯೂ ಇರುವುದಿಲ್ಲ.

ಫೋಟೊ ಎಂಬುದು ಸಾಕ್ಷಿಯಾಗಬಲ್ಲದು ಎಂಬುದಕ್ಕೆ ನಮ್ಮ ಸೀಮೆಯಷ್ಟು ಒಳ್ಳೆಯ ನಿದರ್ಶನ ಕಡಿಮೆ. ಕ್ಯಾಮೆರಾ ಜಗತ್ತಿಗೆ ಬಂದು ಇನ್ನೂ ಎರಡು ದಶಕ ಆಗಿರಲಿಲ್ಲ, ಆಗಲೇ ಅದು ಧಾರವಾಡ ಜಿಲ್ಲೆಗೆ ಕಾಲಿಟ್ಟಿತ್ತು. 1855ರಲ್ಲಿ ಬಾಂಬೆ ಸರಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಸರಕಾರಿ ಛಾಯಾಗ್ರಾಹಕನನ್ನಾಗಿ ನೇಮಿಸಿ ವಿಜಾಪುರ, ಬಾದಾಮಿ, ಐಹೊಳೆಯ ಕಡೆ ಕಳಿಸಿತು. ಅವರು ಸೈನ್ಯಕ್ಕೆ ಮರಳಿದ ಮೇಲೆ ಆ ಕೆಲಸ ಪಿಗೊ ಎಂಬ ವೈದ್ಯರ ಕೈಗೆ ಬಂತು. ಬೆಳ್ಳಿಯ ಲವಣ ಹಚ್ಚಿದ ಕಾಗದವೇ ಆಗ ನೆಗೆಟಿವ್. ಚಿತ್ರ ಮೂಡಲು ನಿಮಿಷಗಟ್ಟಲೆ ಕಾಯಬೇಕು, ನಡುವೆ ಅಲುಗಿದವರು ಮಸುಕಾಗಿ ಮಾಯವಾಗುತ್ತಾರೆ. ಪೆಟ್ಟಿಗೆಯಷ್ಟು ದೊಡ್ಡ ಕ್ಯಾಮೆರಾ, ರಾಸಾಯನಿಕದ ಬಾಟಲಿ, ಗುಡಾರ ಎಲ್ಲವನ್ನೂ ಚಕ್ಕಡಿಯ ದಾರಿಯಲ್ಲಿ ಈ ಎರೆಭೂಮಿಯ ಮೇಲೆ ಸಾಗಿಸಬೇಕಿತ್ತು. ಹಾಗೆ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್' ಎಂಬ ದೊಡ್ಡ ಪುಸ್ತಕವಾದವು. ಸುರಪುರದ ಜೊತೆಗೆ ನಾವು ನೆನೆಯುವ ಮೆಡೋಸ್ ಟೇಲರ್ ಅದಕ್ಕೆ ಚರಿತ್ರೆಯ ಭಾಗ ಬರೆದರು, ಜೇಮ್ಸ್ ಫರ್ಗ್ಯೂಸನ್ ವಾಸ್ತುಶಿಲ್ಪದ ಟಿಪ್ಪಣಿ ಬರೆದರು. ಪುಸ್ತಕ ಬರುವಷ್ಟರಲ್ಲಿ ಪಿಗೊ ತೀರಿಕೊಂಡಿದ್ದರು.

ಹಂಪಿಯ ಕಥೆ ಇನ್ನೂ ಸ್ಪಷ್ಟ. 1856ರಲ್ಲಿ ಮದ್ರಾಸ್ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿನ ಗುಡಿಗಳನ್ನು ಸೆರೆಹಿಡಿದರು. ಅವರ ಫೋಟೊದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ! ಇಂದು ಐವತ್ತು ರೂಪಾಯಿಯ ನೋಟಿನ ಮೇಲೆ ನೀವು ಕಾಣುವ ರಥಕ್ಕೆ ಆ ಶಿಖರವಿಲ್ಲ. ಗ್ರೀನ್‌ಲಾ ಅಲ್ಲಿ ನಿಂತಿರದಿದ್ದರೆ, ಆ ರಥಕ್ಕೊಂದು ಗೋಪುರವಿತ್ತು ಎಂದು ಯಾರಾದರೂ ಹೇಳಿದರೆ ನಾವು ನಂಬುತ್ತಿದ್ದೆವೇ? ಆ ನೆಗೆಟಿವ್‌ಗಳು ನೂರಕ್ಕೂ ಹೆಚ್ಚು ವರ್ಷ ಮರೆಯಲ್ಲಿದ್ದು, ಬೆಳಕಿಗೆ ಬಂದ ಮೇಲೆ 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಫೋಟೊ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಬಿದ್ದಿದೆ, ಯಾವ ಗೋಡೆಗೆ ಆಸರೆ ಕಟ್ಟಿದ್ದಾರೆ, ಎಲ್ಲಿ ಮರ ಬೆಳೆದಿದೆ ಎಲ್ಲವೂ ಓದಿದಂತೆ ತಿಳಿಯುತ್ತದೆ.

ಈ ಹೊರಗಿನವರು ಗುಡಿಗಳನ್ನು ನೋಡಿದರು, ಗುಡಿಯ ಪಕ್ಕದ ಜನರನ್ನು ಬಹುತೇಕ ಅಳತೆಗೋಲಿನಂತೆ ನಿಲ್ಲಿಸಿಕೊಂಡರು. ಕಂಬದ ಎತ್ತರ ತಿಳಿಯಲೆಂದು ಪಕ್ಕದಲ್ಲಿ ಪಟಗ ಸುತ್ತಿದ ಒಬ್ಬ ಮನುಷ್ಯ. ಅವನ ಹೆಸರಿಲ್ಲ. ನೀವು ಈ ಊರಿನವರು, ಇಲ್ಲಿಯ ಜನರ ಭಾಷೆ ನಿಮಗೆ ಬರುತ್ತದೆ. 'ನಿಮ್ಮ ಹೆಸರೇನ್ರಿ ಅಜ್ಜಾರ?' ಎಂದು ಕೇಳಿದರೆ ಅವರು ಹೆಸರಿನ ಜೊತೆ ಮನೆತನ, ಕಸುಬು, ಗುಡಿಯ ಪೂಜೆಯ ಸರದಿ ಎಲ್ಲವನ್ನೂ ಹೇಳುತ್ತಾರೆ. ಬಿಗ್ಸ್, ಪಿಗೊ ಅವರಿಗೆ ಆಗದಿದ್ದದ್ದು ನಿಮಗೆ ಒಂದು ಮಾತಿನಲ್ಲಿ ಆಗುತ್ತದೆ.

ಹಳೇ ಹುಬ್ಬಳ್ಳಿಯಲ್ಲಿ ಏನಿದೆ ತೆಗೆಯಲು ಎಂದು ಕೆಲವರು ನೇರವಾಗಿ ನನ್ನನ್ನೇ ಕೇಳಿದ್ದಾರೆ. ಈ ಊರು ಒಂದು ಕಾಲಕ್ಕೆ ರಾಯರ ಹುಬ್ಬಳ್ಳಿ. ದುರ್ಗದ ಬೈಲಿನ ಸುತ್ತಲ ಹೊಸ ಹುಬ್ಬಳ್ಳಿಯನ್ನು ಸವಣೂರು ನವಾಬರ ಕಾಲದಲ್ಲಿ, 1727ರಲ್ಲಿ ಬಸಪ್ಪ ಶೆಟ್ಟರು ಕಟ್ಟಿಸಿದರು ಎನ್ನುತ್ತದೆ ಚರಿತ್ರೆ. ಅದಕ್ಕೂ ಮುಂಚಿನದು ನಮ್ಮದು. ಇಲ್ಲಿಯ ಭವಾನಿಶಂಕರ ಗುಡಿ ಚಾಲುಕ್ಯರ ಕಾಲದ್ದು, ಒಳಗೆ ದಶಾವತಾರಗಳ ನಡುವೆ ನಿಂತ ನಾರಾಯಣನ ಮೂರ್ತಿಯಿದೆ. ಬಸ್ಸಿನಲ್ಲಿ ಗುಡಿಯ ಹತ್ತಿರವೇ ಹಾದುಹೋಗುವ ಎಷ್ಟೋ ಮಂದಿಗೆ ಅದು ಇರುವುದೇ ತಿಳಿಯದು. ಸಿದ್ಧಾರೂಢ ಮಠ ಇಲ್ಲಿದೆ. 1929ರಲ್ಲಿ ಸಿದ್ಧಾರೂಢ ಅಜ್ಜ ಸಮಾಧಿಯಾದ ಮೇಲೂ ಊರಿನ ಪ್ರತಿ ಕಿರಾಣಿ ಅಂಗಡಿಯಲ್ಲಿ, ಆಟೊದಲ್ಲಿ, ಖಾನಾವಳಿಯಲ್ಲಿ ಅವರ ಕಪ್ಪು-ಬಿಳುಪು ಫೋಟೊ ಇದ್ದೇ ಇದೆ. ಶಿವರಾತ್ರಿಯ ತೇರನ್ನು ಎಲ್ಲರೂ ತೆಗೆಯುತ್ತೀರಿ. ತೇರಿನ ಹಿಂದಿನ ದಿನ ಹಗ್ಗ ತಿರುವಿ ನೋಡುವವರು, ದಾಸೋಹದ ಒಲೆಯ ಮುಂದೆ ಬೆವರು ಸುರಿಸುವವರು, ದೂರದ ಹಳ್ಳಿಗಳಿಂದ ಬಂದು ಮಠದ ಕಟ್ಟೆಯ ಮೇಲೆ ರೊಟ್ಟಿ ಗಂಟು ಬಿಚ್ಚುವ ಮುದುಕಿಯರು, ಶ್ರಾವಣದ ಜಲರಥೋತ್ಸವಕ್ಕೆ ಹೊಂಡದ ಮೆಟ್ಟಿಲು ತೊಳೆಯುವವರು, ಇವರನ್ನು ತೆಗೆದವರು ಯಾರು?

ಮನೆಗಳೂ ಅಷ್ಟೆ. ಮಣ್ಣಿನ ಮೇಲ್ಮುದ್ದೆ, ಅದಕ್ಕೊಂದು ಬೆಳಕಿಂಡಿ, ಕೆಳಗೆ ಪಡಸಾಲೆ, ಹೊರಗೆ ಕಟ್ಟೆ. ಹನ್ನೊಂದು ಗಂಟೆಯ ಹೊತ್ತಿಗೆ ಆ ಬೆಳಕಿಂಡಿಯಿಂದ ಅಡುಗೆಮನೆಯ ಹೊಗೆಯೊಳಗೆ ನೇರವಾಗಿ ಇಳಿಯುವ ಬೆಳಕಿನ ಕಂಬವನ್ನು ನೋಡಿದ್ದೀರಾ? ಯಾವ ಸ್ಟುಡಿಯೊ ಲೈಟೂ ಅದನ್ನು ಕೊಡಲಾರದು. ಕೈಮಗ್ಗದ ಸದ್ದು ಈಗ ಕೆಲವೇ ಕಡೆ ಕೇಳುತ್ತದೆ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ನೇಕಾರನ ಕಾಲಿನ ಹೆಜ್ಜೆ, ಕೈಯಿಂದ ಕೈಗೆ ಓಡುವ ಲಾಳಿ, ಕಿಟಕಿಯ ಒಂದೇ ಕಡೆಯ ಬೆಳಕು, ಇಷ್ಟಿದ್ದರೆ ನಿಧಾನ ಶಟರಿಗೆ ಇನ್ನೇನು ಬೇಕು? ಊರಿನ ಇನ್ನೊಂದು ತುದಿ ಬೆಂಗೇರಿಯಲ್ಲಿ, 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಹೆಣ್ಣುಮಕ್ಕಳು ದೇಶಕ್ಕೆಲ್ಲ ರಾಷ್ಟ್ರಧ್ವಜ ಹೊಲಿಯುತ್ತಾರೆ. ಅನುಮತಿ ಕೇಳಿ ಒಂದು ದಿನ ಅಲ್ಲಿಯೂ ಕೂತು ನೋಡಿ.

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಹುಬ್ಬಳ್ಳಿಯಿಂದ ಧಾರವಾಡದ ಕಡೆ ಹೋದರೆ ಸಿಗುವ, ಕಲ್ಯಾಣ ಚಾಲುಕ್ಯರ ಕಾಲದ, ಸುಮಾರು ಒಂಬೈನೂರು ವರ್ಷದ ಗುಡಿ. ಗರ್ಭಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲು, ಗುಡಿಯೊಳಗೆ ನಾಲ್ಕು ಮುಖದ ಲಿಂಗ. ಇಂಥ ವಿನ್ಯಾಸ ನಮ್ಮ ಸೀಮೆಯ ಗುಡಿಗಳಲ್ಲಿ ಅಪರೂಪ. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲೂ ಈ ಗುಡಿ ಬಂದಿದೆ. ಫೋಟೊ ತೆಗೆಯುವವರಿಗೆ ಇದು ಒಂದು ಪಾಠಶಾಲೆ. ಬೆಳಿಗ್ಗೆ ಒಂದು ಬಾಗಿಲಿನಿಂದ ಬಂದ ಬೆಳಕು ಸಂಜೆ ಎದುರಿನ ಬಾಗಿಲಿನಿಂದ ಬರುತ್ತದೆ. ಬಳಪದ ಕಲ್ಲಿನ ನುಣುಪು ಕಂಬಗಳ ಮೇಲೆ ನೆತ್ತಿಯ ಬಿಸಿಲು ಬಿದ್ದರೆ ಕೆತ್ತನೆ ಚಪ್ಪಟೆಯಾಗುತ್ತದೆ. ಓರೆಯಾಗಿ ಬಿದ್ದಾಗ ಮಾತ್ರ ಬಾಗಿಲವಾಡದ ಒಂದೊಂದು ಬಳ್ಳಿಯೂ ಎದ್ದು ಬರುತ್ತದೆ. ಮೋಡದ ದಿನ ಇನ್ನೂ ಒಳ್ಳೆಯದು, ಒಳಗಿನ ಕತ್ತಲೆಗೂ ಹೊರಗಿನ ಬೆಳಕಿಗೂ ಅಂತರ ಕಡಿಮೆಯಾಗುತ್ತದೆ. ಫ್ಲ್ಯಾಶ್ ಹಾಕಬೇಡಿ, ಆ ಕಲ್ಲಿನ ಸ್ವಭಾವವೇ ಅಳಿಸಿಹೋಗುತ್ತದೆ.

ಈ ಗುಡಿಯ ನಿಮ್ಮ ಫೋಟೊಗಳಲ್ಲಿ ನನಗೆ ನೋವು ಕೊಡುವುದು ಒಂದಿದೆ. ಗುಡಿಯ ಸುತ್ತ ಒತ್ತೊತ್ತಾಗಿ ಮನೆಗಳಿವೆ, ಓಣಿ ಇಕ್ಕಟ್ಟು, ಮೇಲೆ ಕರೆಂಟಿನ ತಂತಿ, ಡಿಶ್ ಆಂಟೆನಾ, ಒಣಹಾಕಿದ ಸೀರೆ. ನೀವು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಅವನ್ನೆಲ್ಲ ಒರೆಸುತ್ತೀರಿ. ಈಗಂತೂ ಫೋನಿನಲ್ಲೇ ಬೆರಳು ಆಡಿಸಿದರೆ ಸಾಕು, ತಂತಿ ಮಾಯ, ಸೀರೆ ಮಾಯ, ಎದುರಿಗೆ ಕೂತ ಮುದುಕನೂ ಮಾಯ. ಬೂದು ಆಕಾಶ ತೆಗೆದು ಬೇರೆಲ್ಲಿಯದೋ ಕೆಂಪು ಆಕಾಶ ಅಂಟಿಸುತ್ತೀರಿ. ಹಾಗೆ ಉಳಿದದ್ದು ಯಾವ ಊರಿನ ಗುಡಿ? ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ತಿದ್ದುಪಡಿ ಹೇಳುತ್ತದೆ. ಅಲ್ಲಿ ವಾಸಿಸುವವರು ಒಂದು ಗೋಡೆ ರಿಪೇರಿ ಮಾಡಲೂ ಅನುಮತಿಗೆ ಅಲೆಯಬೇಕು. ಆ ಮನೆಗಳನ್ನು ಬೇರೆಡೆಗೆ ಸ್ಥಳಾಂತರಿಸುವ ಮಾತು ಆಗಾಗ ಕೇಳಿಬರುತ್ತದೆ. ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ನಾಳೆ ಆ ಮನೆಗಳು ಹೋದರೆ, ಗುಡಿಯ ನೆರಳಿನಲ್ಲೇ ತಲೆಮಾರುಗಳ ಕಾಲ ಬದುಕಿದವರ ಗುರುತು ನಿಮ್ಮ ಒರೆಸದ ಫೋಟೊದಲ್ಲಿ ಮಾತ್ರ ಇರುತ್ತದೆ. ತಂತಿ ಇರಲಿ, ಸೀರೆಯೂ ಇರಲಿ. ಸ್ಪರ್ಧೆಗೆ ಕಳಿಸುವ ಒಂದು ಪ್ರತಿಯನ್ನು ಹೇಗಾದರೂ ತಿದ್ದಿಕೊಳ್ಳಿ, ಮೂಲ ಫೈಲನ್ನು ಮುಟ್ಟಬೇಡಿ.

ಊರು ಎಷ್ಟು ಬೇಗ ಬದಲಾಗುತ್ತದೆಂದು ನಿಮಗೇ ಗೊತ್ತು. ಹುಬ್ಬಳ್ಳಿ-ಧಾರವಾಡ ರಸ್ತೆಯ ಎರಡೂ ಬದಿಯ ಮರಗಳು ನಿಮ್ಮಲ್ಲಿ ಎಷ್ಟು ಜನರ ಹಾರ್ಡ್ ಡಿಸ್ಕಿನಲ್ಲಿವೆ? ತ್ವರಿತ ಸಾರಿಗೆಯ ಚಿಗರಿ ಬಸ್ಸಿಗಾಗಿ ರಸ್ತೆ ಅಗಲವಾಗಿ ಆ ಮರಗಳು ಹೋದವು, 2020ರಲ್ಲಿ ಸೇವೆಯ ಅಧಿಕೃತ ಉದ್ಘಾಟನೆಯೂ ಆಯಿತು. ಬಸ್ಸು ಬೇಕಿತ್ತು, ನಾನೂ ಅದರಲ್ಲೇ ಓಡಾಡುತ್ತೇನೆ. ಆದರೆ ಆ ನೆರಳಿನ ದಾರಿಯನ್ನು ನಿತ್ಯ ದಾಟಿ ಬಾದಾಮಿಗೆ, ದಾಂಡೇಲಿಗೆ ಫೋಟೊ ತೆಗೆಯಲು ಹೋದ ನಾವು ಆ ಮರಗಳ ಕೆಳಗೆ ಬೈಕ್ ನಿಲ್ಲಿಸಲಿಲ್ಲ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. 2022ರ ಏಪ್ರಿಲ್‌ನಲ್ಲಿ, ಗಲಭೆಯಾದ ರಾತ್ರಿಯ ನಮ್ಮ ಓಣಿಗಳ ಫೋಟೊ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ರಸ್ತೆಯ ಮೇಲೆ ಕಲ್ಲು, ಜಖಂಗೊಂಡ ಪೊಲೀಸ್ ವಾಹನ, ಮುಚ್ಚಿದ ಅಂಗಡಿ. ಆ ರಾತ್ರಿ ನಡೆದದ್ದು ನಿಜ, ಅದನ್ನು ತೆಗೆದ ಪತ್ರಕರ್ತರು ತಮ್ಮ ಕೆಲಸ ಮಾಡಿದರು. ಆದರೆ ಇವತ್ತಿಗೂ ಹೊರಗಿನವರೊಬ್ಬರು 'ಹಳೇ ಹುಬ್ಬಳ್ಳಿ' ಎಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಆ ಒಂದು ರಾತ್ರಿಯ ಚಿತ್ರಗಳೇ. ಮಿಕ್ಕ ದಿನಗಳ ಚಿತ್ರಗಳನ್ನು ಯಾರೂ ತೆಗೆದಿಲ್ಲವಾದ್ದರಿಂದ ಈ ಊರಿಗೆ ಬೇರೆ ಮುಖವೇ ಇಲ್ಲದಂತಾಗಿದೆ. ಬೆಳಿಗ್ಗೆ ಒಂದೇ ಹೋಟೆಲಿನ ಮುಂದೆ ಗಿರ್ಮಿಟ್ ತಿನ್ನುತ್ತ ನಿಂತ ಬೇರೆ ಬೇರೆ ಓಣಿಯವರು, ಒಂದೇ ನಳಕ್ಕೆ ಸಾಲಿಟ್ಟ ಕೊಡಗಳು, ಉರುಸಿನ ದಿನ ಬೀದಿಯಲ್ಲಿ ಬಳೆ ಆರಿಸುವ ಎಲ್ಲ ಮನೆಯ ಹೆಣ್ಣುಮಕ್ಕಳು. ಇವು ಸುದ್ದಿಯಲ್ಲ, ಹಾಗಾಗಿ ಪತ್ರಿಕೆಯವರು ಬರುವುದಿಲ್ಲ. ನೀವು ಬರಬೇಕು.

ಬರುವಾಗ ಹೇಗೆ ಬರಬೇಕು ಎಂಬುದೂ ಮುಖ್ಯ. ಓಣಿ ಎಂದರೆ ಜನರ ಅಂಗಳ. ಉದ್ದದ ಲೆನ್ಸಿಟ್ಟು ದೂರದಿಂದ ಕದ್ದು ತೆಗೆದು ಹೋಗಬೇಡಿ. ನಳದ ಹತ್ತಿರ, ಸ್ನಾನದ ಕಟ್ಟೆಯ ಹತ್ತಿರ ಕ್ಯಾಮೆರಾ ಕೆಳಗಿರಲಿ. ಮಕ್ಕಳ ಫೋಟೊ ಬೇಕಾದರೆ ಮನೆಯವರನ್ನು ಕೇಳಿ. 'ಅಕ್ಕಾರ, ಒಂದ್ ಫೋಟೊ ತಗೀಲೇನ್ರಿ?' ಎಂದರೆ ಹತ್ತರಲ್ಲಿ ಎಂಟು ಮಂದಿ ನಗುತ್ತಾರೆ, ಕೆಲವರು ಚಹಾ ಕೊಡುತ್ತಾರೆ. ಬೇಡವೆಂದವರ ಮುಂದೆ ವಾದಿಸಬೇಡಿ. ಮೊದಲ ದಿನ ಬೇಡವೆಂದವರೇ ಮುಂದಿನ ವಾರ ಒಳಗೆ ಕರೆದು ಅಜ್ಜನ ಕಾಲದ ಪೆಟ್ಟಿಗೆ ತೋರಿಸುತ್ತಾರೆ, ಇದು ಸ್ಟುಡಿಯೊದವರ ಮಗಳಾಗಿ ನಾನು ಕಂಡ ಮಾತು. ಡ್ರೋನ್ ಅಂತೂ ನಮ್ಮ ಮಾಳಿಗೆಗಳ ಮೇಲೆ ಹಾರಿಸಲೇಬೇಡಿ. ಮಾಳಿಗೆಯೆಂದರೆ ನಮ್ಮ ಹೆಣ್ಣುಮಕ್ಕಳು ಹಪ್ಪಳ ಒಣಹಾಕುವ, ತಲೆ ಬಾಚಿಕೊಳ್ಳುವ ಜಾಗ.

ಗುಡಿಗಳಲ್ಲೂ ಹಾಗೆಯೇ. 2018ರ ಜುಲೈಯಿಂದ ಪುರಾತತ್ವ ಇಲಾಖೆಯ ಬಹುತೇಕ ಸ್ಮಾರಕಗಳಲ್ಲಿ ಫೋಟೊ ತೆಗೆಯಲು ಅಡ್ಡಿಯಿಲ್ಲ. ಟ್ರೈಪಾಡ್ ಇಡಬೇಕೆಂದರೆ ಮಾತ್ರ ಮೊದಲೇ ಅನುಮತಿ ಬೇಕು. ಈ ಸಲುಗೆಯನ್ನು ನಾವು ಉಳಿಸಿಕೊಳ್ಳಬೇಕು. 2019ರ ಫೆಬ್ರುವರಿಯಲ್ಲಿ ಹರಿದಾಡಿದ, ಹಂಪಿಯ ವಿಷ್ಣು ಗುಡಿಯ ಬಳಿ ಯುವಕರು ಕಲ್ಲಿನ ಕಂಬವನ್ನು ದಬ್ಬಿ ಕೆಡವಿದ ವಿಡಿಯೊ ನೀವೆಲ್ಲ ನೋಡಿದ್ದೀರಿ. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿತು, ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ಕಂಬ ಬೀಳುವ ಹೊತ್ತಿನಲ್ಲಿ ಒಬ್ಬನ ಕೈಯಲ್ಲಿ ಕ್ಯಾಮೆರಾ ಚಾಲೂ ಇತ್ತು ಎಂಬುದನ್ನು ನನಗೆ ಮರೆಯಲಾಗುವುದಿಲ್ಲ. ಕೋನ ಸಿಗಲೆಂದು ಅಧಿಷ್ಠಾನದ ಮೇಲೆ ಬೂಟುಗಾಲಿಡುವ, ನಂದಿಯ ಬೆನ್ನಿಗೆ ಮದುಮಗಳನ್ನು ಒರಗಿಸುವ ಗೆಳೆಯರನ್ನು ಅಲ್ಲೇ ತಡೆಯಿರಿ. ಕಾವಲುಗಾರ ಬರಲಿ ಎಂದು ಕಾಯಬೇಡಿ.

ನಿಸರ್ಗದ ಫೋಟೊವೇ ನಿಮಗೆ ಇಷ್ಟವಾದರೆ ಅದಕ್ಕೂ ದೂರ ಹೋಗಬೇಕಿಲ್ಲ. ಈ ಊರು ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿದೆ. ಜೂನ್ ತಿಂಗಳ ಒಂದು ಸಂಜೆ ನೃಪತುಂಗ ಬೆಟ್ಟ ಹತ್ತಿ ಪಶ್ಚಿಮಕ್ಕೆ ಮುಖ ಮಾಡಿ. ಧಾರವಾಡದ ಕಡೆಯಿಂದ ಮಳೆಯ ಪರದೆ ನಡೆದುಬರುತ್ತಿರುತ್ತದೆ, ಪೂರ್ವಕ್ಕೆ ನವಲಗುಂದದ ದಿಕ್ಕಿನಲ್ಲಿ ಇನ್ನೂ ಬಿಸಿಲಿರುತ್ತದೆ. ಕೆಳಗೆ ಉಣಕಲ್ ಕೆರೆ. ಕೆರೆಯ ಸೂರ್ಯಾಸ್ತದಲ್ಲಿ ವಿವೇಕಾನಂದರ ಪ್ರತಿಮೆಯ ನೆರಳುಚಿತ್ರ ನಿಮ್ಮೆಲ್ಲರ ಬಳಿ ಇದೆ. ನೀರನ್ನು ಹಾಸಿ ಮುಚ್ಚಿದ ಅಂತರಗಂಗೆಯನ್ನೂ ತೆಗೆಯಿರಿ. ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಮ್ಮೆ ತೆಗೆದರೆ ಒಂದು ವರ್ಷದಲ್ಲಿ ಕೆರೆಯ ಆರೋಗ್ಯದ ದಾಖಲೆಯೇ ಸಿದ್ಧವಾಗುತ್ತದೆ, ಪಾಲಿಕೆಯ ಸಭೆಯಲ್ಲಿ ಟೇಬಲ್ಲಿನ ಮೇಲಿಡುವಂಥ ದಾಖಲೆ. ಎಳ್ಳಮಾಸಿಗೆ ಎರೆಹೊಲದಲ್ಲಿ ಚರಗ ಚೆಲ್ಲುವ ಕುಟುಂಬಗಳು, ಅರಳೆ ಬಿಡಿಸುವ ಹೆಂಗಸರ ಸಾಲು, ಬೇಸಿಗೆಯಲ್ಲಿ ಬಾಯಿಬಿಟ್ಟ ಕರಿಮಣ್ಣಿನ ಬಿರುಕು, ಇವುಗಳ ಮುಂದೆ ಹಿಮದ ಬೆಟ್ಟ ನನಗಂತೂ ಬೇಡ.

ಹೀಗೆ ತೆಗೆದದ್ದು ಉಳಿಯುವುದು ಹೇಗೆ? ಅಪ್ಪನ ಪೆಟ್ಟಿಗೆಯ ನೆಗೆಟಿವ್‌ಗಳ ದೊಡ್ಡ ಕೊರತೆ ಹೆಸರು. ಕವರಿನ ಮೇಲೆ 'ಪಾಟೀಲರು, 3 ಕಾಪಿ, ಹಾಫ್ ಸೈಜ್' ಎಂದಷ್ಟೇ ಬರೆದಿದೆ. ಯಾವ ಪಾಟೀಲರು? ನೀವು ತೆಗೆದ ಪ್ರತಿ ಫೋಟೊಗೂ ಓಣಿಯ ಹೆಸರು, ಯಾವ ಕಡೆಗೆ ಮುಖ ಮಾಡಿ ತೆಗೆದದ್ದು, ತಾರೀಖು, ಒಪ್ಪಿದರೆ ಅದರಲ್ಲಿರುವವರ ಹೆಸರು, ಅಲ್ಲಿಯ ಜನ ಆ ಕಟ್ಟೆಗೋ ಮರಕ್ಕೋ ಏನೆನ್ನುತ್ತಾರೆ ಎಂಬುದನ್ನು ಬರೆದಿಡಿ. ಫೋನಿನಲ್ಲಿ ತಾರೀಖು ತಾನಾಗಿ ಉಳಿಯುತ್ತದೆ ಎಂದು ನೆಚ್ಚಬೇಡಿ, ವಾಟ್ಸಾಪಿನಲ್ಲಿ ಒಮ್ಮೆ ದಾಟಿದರೆ ಆ ವಿವರ ಅಳಿಸಿಹೋಗುತ್ತದೆ. ಎರಡು ಬೇರೆ ಜಾಗಗಳಲ್ಲಿ ಪ್ರತಿ ಇಡಿ. ಆರಿಸಿದವುಗಳನ್ನು ವಿಕಿಮೀಡಿಯ ಕಾಮನ್ಸಿಗೆ ಏರಿಸಿ. ಸೆಪ್ಟೆಂಬರಿನಲ್ಲಿ ನಡೆಯುವ 'ವಿಕಿ ಲವ್ಸ್ ಮಾನ್ಯುಮೆಂಟ್ಸ್' ಸ್ಪರ್ಧೆ ಸ್ಮಾರಕಗಳ ಫೋಟೊಗಳಿಗಾಗಿಯೇ ಇರುವುದು. ಭವಾನಿಶಂಕರ ಗುಡಿಯ ಒಂದೊಂದು ಕಂಬವೂ ಅಲ್ಲಿ ಇರಲಿ. ಧಾರವಾಡದಲ್ಲಿ 1939ರಿಂದ ಇರುವ ಕನ್ನಡ ಸಂಶೋಧನಾ ಸಂಸ್ಥೆಯ ಬಾಗಿಲನ್ನೂ ತಟ್ಟೋಣ. ಶಾಸನ, ಹಸ್ತಪ್ರತಿ ಕಾಯ್ದವರಿಗೆ ಫೋಟೊದ ಬೆಲೆ ಹೇಳಿಕೊಡಬೇಕಿಲ್ಲ.

ತೆಗೆದ ಫೋಟೊವನ್ನು ಓಣಿಗೆ ತಿರುಗಿ ಕೊಡಿ. ಪ್ರದರ್ಶನ ಮಾಡುವುದಿದ್ದರೆ ಮಾಲ್‌ನಲ್ಲಿ ಬೇಡ, ಹಳೇ ಹುಬ್ಬಳ್ಳಿಯ ಯಾವುದಾದರೂ ಸರಕಾರಿ ಶಾಲೆಯ ವರಾಂಡದಲ್ಲಿ ಮಾಡೋಣ. ತಮ್ಮ ಅಜ್ಜಿಯ ಫೋಟೊ ಗೋಡೆಯ ಮೇಲೆ ಕಂಡ ಮಕ್ಕಳು ಮನೆಗೆ ಓಡಿಹೋಗಿ ಎಲ್ಲರನ್ನೂ ಕರೆತರುತ್ತಾರೆ. ಆಗ ಮನೆಮನೆಗಳ ಟ್ರಂಕಿನಲ್ಲಿರುವ ಹಳೆಯ ಫೋಟೊಗಳೂ ಹೊರಬರುತ್ತವೆ. ಅವನ್ನು ಸ್ಕ್ಯಾನ್ ಮಾಡಿ ಅಲ್ಲೇ ತಿರುಗಿ ಕೊಡುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ. ಸ್ಕ್ಯಾನರ್ ಇದೆ, ಕೈಗವಸು ಇದೆ, ಬ್ರಶ್ಶು ಇದೆ. ಅಪ್ಪನ ಪೆಟ್ಟಿಗೆಗಳನ್ನೂ ತೆರೆದಿಡುತ್ತೇನೆ. ಆ ಮುಖಗಳನ್ನು ಗುರುತು ಹಿಡಿಯುವ ಹಿರಿಯರು ಇನ್ನೂ ಕೆಲವರು ಇದ್ದಾರೆ, ಅವರ ಪಕ್ಕದಲ್ಲಿ ಕೂತು ಹೆಸರು ಬರೆದುಕೊಳ್ಳಲು ನನಗೆ ಕಿರಿಯ ಕೈಗಳು ಬೇಕು.

ಬರುವ ಭಾನುವಾರ ಬೈಕ್ ಹೊರಡಿಸುವ ಮುಂಚೆ ಒಂದು ಬೆಳಿಗ್ಗೆ ನಮಗೆ ಕೊಡಿ. ಆರೂವರೆಗೆ ಇಂಡಿ ಪಂಪಿನ ಹತ್ತಿರ ನಾನಿರುತ್ತೇನೆ. ದೊಡ್ಡ ಲೆನ್ಸು ಬೇಡ, 35 ಅಥವಾ 50 ಎಂಎಂ ಸಾಕು, ಫೋನಾದರೂ ನಡೆಯುತ್ತದೆ. ಒಂದು ನೋಟ್‌ಬುಕ್ ತನ್ನಿ. ಪ್ರಿಂಟ್ ತರುವುದಿದ್ದರೆ ಹಿಂಬದಿಗೆ ಹೆಸರು, ತಾರೀಖನ್ನು ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಶಾಯಿ ಕೆಲವು ವರ್ಷಗಳಲ್ಲಿ ಮುಂದಿನ ಬದಿಗೆ ಹಾಯುತ್ತದೆ.

ನಿಮ್ಮ,
ಹಳೇ ಹುಬ್ಬಳ್ಳಿಯ ಸ್ಟುಡಿಯೊದ ಅಕ್ಕ